ಆರು ನಿಮಿಷದ ಹೊಳೆ

ಡಿಗ್ರಿ ಕಾಲೇಜಿನಲ್ಲಿ ಫೋಟೋಗ್ರಫಿಯ ಪಾಠ ಹೇಳಲು ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಪ್ರಾಜೆಕ್ಟುಗಳ ಹಳೆಯ ಹಾಳೆಗಳು ಬೇಕೆಂದರು. ಕೊಟ್ಟೆ. ಮೊದಲ ಹಾಳೆಯಲ್ಲಿ ಒಂದು ನಿಯಮಕ್ಕೆ ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಹಾಕಿದ್ದು ಕಂಡು, “ಇದನ್ನ ಯಾಕೆ ಹೊಡೆದು ಹಾಕಿದ್ರಿ ಸರ್? ಸರಿಯಾಗೇ ಇದೆಯಲ್ಲ” ಎಂದರು. ಬಾಯಲ್ಲಿ ಹೇಳಲು ಆಗಲಿಲ್ಲ. ಬರೆದು ಕೊಡುತ್ತೇನೆ ಎಂದೆ.

ನಿಯಮ ಇಷ್ಟು: “ಶಟರ್ ಮುಚ್ಚುವವರೆಗೆ ಕ್ಯಾಮೆರಾ ಬಿಟ್ಟು ಕದಲಬಾರದು, ಏನೇ ಆದರೂ.”

ನಾನು ಲೆಕ್ಚರರ್ ಆಗಿದ್ದವನಲ್ಲ. ಕುಮಟಾದ ಒಂದು ಕಾಲೇಜಿನಲ್ಲಿ ಡಾರ್ಕ್‌ರೂಮ್ ಸಹಾಯಕನಾಗಿ ಸೇರಿದವನು. ಫಿಲ್ಮ್ ತೊಳೆಯುವುದು, ಕಾಗದ ಒಣಗಿಸುವುದು ನನ್ನ ಕೆಲಸ. ಪಾಠ ಹೇಳುತ್ತಿದ್ದವರು ವರ್ಗವಾಗಿ ಹೋದ ಮೇಲೆ ಬೇರೆ ಯಾರೂ ಬರಲಿಲ್ಲ. ಕೆಂಪು ದೀಪದ ಕೋಣೆಯ ಕೀಲಿ ನನ್ನ ಹತ್ತಿರ ಇದ್ದುದರಿಂದ ಪಾಠವೂ ನನ್ನ ಪಾಲಿಗೆ ಬಂತು. ಡಿಜಿಟಲ್ ಬಂದು ಆ ಕೋಣೆಯಲ್ಲಿ ಪರೀಕ್ಷೆಯ ಬೆಂಚು ಪೇರಿಸಿಟ್ಟ ಮೇಲೂ ಪಾಠ ನನ್ನಲ್ಲೇ ಉಳಿಯಿತು.

ಆ ನಿಯಮದ ಮೊದಲ ಅರ್ಧ ಹುಟ್ಟಿದ್ದು ಹೊನ್ನಾವರದಲ್ಲಿ. ಆ ವರ್ಷ ಹಾಲಿನ ಪುಡಿಯ ಡಬ್ಬಿಗಳಿಗೆ ಸೂಜಿಯಿಂದ ತೂತು ಹಾಕಿ, ಒಳಗೆ ಫೋಟೋ ಕಾಗದ ಅಂಟಿಸಿ, ಲೆನ್ಸೇ ಇಲ್ಲದ ಕ್ಯಾಮೆರಾ ಮಾಡಿಸಿದ್ದೆ. ಬಂದರಿನ ಹತ್ತಿರ ಮೀನು ಒಣಗಿಸುವ ಬಯಲಿನಲ್ಲಿ ಹನ್ನೊಂದು ಡಬ್ಬಿಗಳನ್ನು ಸಾಲಾಗಿ ಇಟ್ಟೆವು. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ ಬೇಕು. ಇಪ್ಪತ್ತು ನಿಮಿಷ ಡಬ್ಬಿಯ ಮುಖ ನೋಡುತ್ತ ಕೂರುವುದೇಕೆಂದು ಎಲ್ಲರೂ ಚಹಾಕ್ಕೆ ಹೋದೆವು. ತಿರುಗಿ ಬಂದಾಗ ಮೀನು ಹರವುವ ಒಬ್ಬ ಹೆಂಗಸು ಹನ್ನೊಂದನ್ನೂ ಮುಚ್ಚಳ ತೆಗೆದು ಬಿಸಿಲಿಗೆ ಒರಗಿಸಿಟ್ಟಿದ್ದಳು.

“ಡಬ್ಬಿ ಚಲೋ ಇತ್ತು, ಎಂತ ಇದ್ದದೆ ಅಂತ ಕಂಡೆ” ಎಂದಳು. “ಎಂತದೂ ಇರ್ಲಿಲ್ಲ ಮಾರಾಯ್ರೆ, ಎಲ್ಲದ್ರಾಗೂ ಒಂದೊಂದ್ ಬಿಳಿ ಕಾಗದ. ಕಾಗದ ಕಾಯೂಕೆ ಹನ್ನೊಂದ್ ಡಬ್ಬಿ ಇಟ್ರಿಯಾ?”

ಅಷ್ಟು ಹೊತ್ತಿಗೆ ಆ ಕಾಗದಗಳು ಕಪ್ಪಾಗತೊಡಗಿದ್ದವು. ವಿದ್ಯಾರ್ಥಿಗಳು ನಕ್ಕರು. ನಾನು ಸಂಜೆ ಹಾಳೆಯ ಮೇಲೆ ಬರೆದೆ: ಶಟರ್ ಮುಚ್ಚುವವರೆಗೆ ಕ್ಯಾಮೆರಾ ಬಿಟ್ಟು ಕದಲಬಾರದು.

“ಏನೇ ಆದರೂ” ಎಂಬುದು ಸೇರಿದ್ದು ಭಟ್ಕಳದಲ್ಲಿ. ಬಾಗಿಲುಗಳು ಎಂಬ ಪ್ರಾಜೆಕ್ಟ್ ಅದು. ಹಳೆಯ ಓಣಿಯ ಬಾಗಿಲುಗಳ ಮೇಲೆ ಬೆಳಿಗ್ಗೆ ಬೀಳುವ ಓರೆ ಬಿಸಿಲನ್ನು ಹಿಡಿಯಬೇಕಿತ್ತು. ಮುಂಚೆ ಒಬ್ಬನೇ ಹೋಗಿ ಓಣಿಯವರನ್ನು ಕೇಳಿ ಬರಬೇಕಿತ್ತು. ನಾನು ಕೇಳಿರಲಿಲ್ಲ. ಹತ್ತು ಜನ ವಿದ್ಯಾರ್ಥಿಗಳು ಕ್ಯಾಮೆರಾದ ಸ್ಟ್ಯಾಂಡ್ ನೆಟ್ಟು ನಿಂತಾಗ ಓಣಿಯ ಎರಡೂ ತುದಿಯಲ್ಲಿ ಜನ ಸೇರಿದರು. ಯಾರೂ ಕೂಗಲಿಲ್ಲ, ಹತ್ತಿರ ಬಂದರು, ಅಷ್ಟೇ. ಇಬ್ಬರು ಹುಡುಗರು ಹೆದರಿ ಸ್ಟ್ಯಾಂಡ್ ಬಿಟ್ಟು ಬಸ್ಸಿನ ಕಡೆ ಓಡಿದರು. ಒಂದು ಸ್ಟ್ಯಾಂಡ್ ಉರುಳಿ ಲೆನ್ಸ್ ಒಡೆಯಿತು. ಬಿಳಿ ಟೋಪಿಯ ಹಿರಿಯರೊಬ್ಬರು ಬಾಗಿ, ಗಾಜಿನ ಚೂರುಗಳನ್ನು ತಮ್ಮ ಕರವಸ್ತ್ರದಲ್ಲಿ ಒಂದೊಂದಾಗಿ ಆಯ್ದು ನನ್ನ ಕೈಗೆ ಕೊಟ್ಟರು.

“ಮಾಸ್ಟರ್ ಸಾಬ್, ಬಾಗ್ಲು ತೆಗೀರಿ, ಪರವಾ ಇಲ್ಲ. ಒಂದು ಮಾತು ಕೇಳಿ ತೆಗೀರಿ, ಬಸ್. ಆ ಹುಡುಗ್ರು ಓಡಿದ್ದು ಯಾಕೆ? ನಿಂತು ಹೇಳಿದ್ರೆ ಮುಗೀತಿತ್ತು.”

ಅವರು ಹೇಳಿದ್ದು ಜನರ ಎದುರು ನಿಲ್ಲುವ ಮಾತು. ನಾನು ಕೇಳಿಸಿಕೊಂಡದ್ದು ಕ್ಯಾಮೆರಾದ ಪಕ್ಕ ನಿಲ್ಲುವ ಮಾತು. ಲೆನ್ಸಿನ ಬಗ್ಗೆ ವಿಭಾಗದ ಮುಖ್ಯಸ್ಥರು ಮೆಮೊ ಕೊಟ್ಟಿದ್ದರು, ಆ ಬಿಸಿಯೂ ಇತ್ತು. ಹಾಳೆ ತೆಗೆದು ಎರಡು ಪದ ಸೇರಿಸಿದೆ. ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದೇ ಎಂದು ಆಗ ಗೊತ್ತಿರಲಿಲ್ಲ. ಮುಂದಿನ ಬ್ಯಾಚುಗಳಿಗೆಲ್ಲ ಮೊದಲ ದಿನ ಅದನ್ನು ಜೋರಾಗಿ ಓದಿಸುತ್ತಿದ್ದೆ.

ಇನ್ನು ಮಿರ್ಜಾನದ ಮಾತು. ನಾನೇ ಕಂಡದ್ದನ್ನೂ ಆಮೇಲೆ ಕೇಳಿ ತಿಳಿದದ್ದನ್ನೂ ಬೆರೆಸದೆ ಹೇಳಲು ನೋಡುತ್ತೇನೆ.

ನಿವೃತ್ತಿಗೆ ಎರಡು ವರ್ಷ ಇತ್ತು. ಕಾಲೇಜಿನ ಪ್ರದರ್ಶನಕ್ಕೆ ಹೊಳೆಯ ಚಿತ್ರಗಳು ಬೇಕೆಂದು ಮುಖ್ಯಸ್ಥರು ಹೇಳಿದ್ದರು. “ನೀರು ಹಾಲಿನ ಹಾಗೆ ಕಾಣ್ಬೇಕು. ಜನ ಗಿನ ಬೇಡ, ಕ್ಲೀನ್ ಇರ್ಲಿ.” ಹಗಲಿನಲ್ಲಿ ಹಾಗೆ ಕಾಣಬೇಕಾದರೆ ಶಟರನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಅಷ್ಟು ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ಕಪ್ಪು ಗಾಜು ಬೇಕು. ಅದಕ್ಕೆ ನಮ್ಮ ಉಪಾಯ ಏನೆಂದರೆ, ವೆಲ್ಡಿಂಗ್ ಮಾಡುವವರು ಮುಖಕ್ಕೆ ಹಿಡಿಯುವ ಗಾಜನ್ನು ಕುಮಟಾದ ಒಂದು ಗ್ಯಾರೇಜಿನಿಂದ ತಂದು, ರಬ್ಬರ್ ಬ್ಯಾಂಡಿನಲ್ಲಿ ಲೆನ್ಸಿಗೆ ಕಟ್ಟುವುದು. ಚಿತ್ರ ಸ್ವಲ್ಪ ಹಸಿರಾಗುತ್ತದೆ. ಆದರೆ ಕಲ್ಲು, ಗಿಡ, ದಿಬ್ಬ ಎಲ್ಲ ನಿಚ್ಚಳವಾಗಿ ನಿಲ್ಲುತ್ತವೆ. ಅಲೆ ಅಳಿಸಿ ಹೋಗುತ್ತದೆ. ನಡೆಯುವವರು, ಈಜುವವರು, ಅಲ್ಲಾಡುವವರು ಯಾರೂ ಮೂಡುವುದಿಲ್ಲ.

ಎಂಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಮಧ್ಯಾಹ್ನ ಮಿರ್ಜಾನದ ಹತ್ತಿರ ಅಘನಾಶಿನಿ ಹೊಳೆಯ ದಂಡೆಗೆ ಹೋದೆ. ಕಡಲಿನ ಇಳಿತಕ್ಕೆ ಹೊಳೆಯ ನೀರೂ ಇಳಿದಿತ್ತು. ಹೊಳೆಯ ನಡುವಿನ ಮರಳು ದಿಬ್ಬದ ಸುತ್ತ ಏಳೆಂಟು ಹೆಂಗಸರು ಸೊಂಟದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದರು. ಬಳಚು ಎಂದರೆ ಚಿಪ್ಪಿನ ಮೀನು. ಕಾಲಿನಿಂದ ಮರಳು ತಡಕಿ, ಮುಳುಗಿ, ಕೈಯಿಂದ ತೆಗೆಯಬೇಕು. ತೆಗೆದದ್ದನ್ನು ಹಾಕಲು ಪ್ರತಿಯೊಬ್ಬರ ಸೊಂಟಕ್ಕೂ ಹಗ್ಗದಲ್ಲಿ ಕಟ್ಟಿದ ಅಲ್ಯುಮಿನಿಯಂ ಬೋಗುಣಿ. ಅದು ಅವರ ಹಿಂದೆಯೇ ತೇಲುತ್ತ ಬರುತ್ತದೆ.

ಮೊದಲು ತೆಗೆದ ಚಿತ್ರಗಳಲ್ಲಿ ಒಂದು ದೋಷ ಕಂಡಿತು. ಹೆಂಗಸರು ಅಳಿಸಿ ಹೋಗಿದ್ದರು, ಬೋಗುಣಿ ಹೋಗಿರಲಿಲ್ಲ. ಬಿಸಿಲಿಗೆ ಮಿಂಚುತ್ತಿದ್ದ ಅದು ಹೋದಲ್ಲೆಲ್ಲ ನೂಲಿನಂಥ ಬಿಳಿ ಗೆರೆ ಎಳೆದಿತ್ತು. “ಗೆರೆ ಬಿದ್ದರೆ ಚಿತ್ರ ಕೆಟ್ಟ ಹಾಗೆ. ಅವರು ಏರಿ ಹೋಗುವವರೆಗೆ ಕಾಯಿರಿ” ಎಂದೆ. ಇದನ್ನು ಹೇಳಿದ್ದು ನಾನೇ, ನೆನಪಿದೆ.

ನಾಲ್ಕು ಗಂಟೆ ದಾಟಿದ ಮೇಲೆ ಕಡಲಿನ ಭರತಕ್ಕೆ ನೀರು ಏರತೊಡಗಿತು. ಹೆಂಗಸರು ಒಬ್ಬೊಬ್ಬರಾಗಿ ದಂಡೆ ಹತ್ತಿದರು. ಹೊಳನಗದ್ದೆಯ ಅಶ್ವಿನಿ ಎಂಬ ವಿದ್ಯಾರ್ಥಿನಿ ಕೆಳಗಿನ ಕಲ್ಲಿನ ಹತ್ತಿರ ಸ್ಟ್ಯಾಂಡ್ ಇಟ್ಟು, ಎಲ್ಲರೂ ಏರಿದರೆಂದುಕೊಂಡು ಆರು ನಿಮಿಷಕ್ಕೆ ಶಟರ್ ತೆರೆದಳು. ಬ್ಯಾಚಿನಲ್ಲಿ ಎಲ್ಲರಿಗಿಂತ ಶಿಸ್ತಿನವಳು ಅವಳು. ನಾನು ಉಳಿದವರ ಜೊತೆ ಎಪ್ಪತ್ತು ಹೆಜ್ಜೆ ದೂರದಲ್ಲಿ ಗಾಜು ಒರೆಸುತ್ತಿದ್ದೆ. ನನ್ನ ಬೆನ್ನು ಹೊಳೆಯ ಕಡೆ ಇತ್ತು.

“ಸರ್! ಸರ್, ಒಬ್ರು ಕಾಣ್ತಿಲ್ಲ!”

ಓಡಿ ಹೋದೆ. ಅಶ್ವಿನಿ ಶಟರ್ ಒತ್ತುವ ಕೇಬಲ್ ಕೈಯಲ್ಲಿ ಹಿಡಿದೇ ನಿಂತಿದ್ದಳು. ಒಬ್ಬ ಹೆಂಗಸು ಇನ್ನೂ ನೀರಿನಲ್ಲಿದ್ದಳು, ಈಗಿಲ್ಲ ಎಂದಳು. ಎಲ್ಲಿ ಎಂದರೆ ಹೊಳೆಯ ಕಡೆ ಕೈ ಚಾಚಿದಳು. ಅಲ್ಲಿ ಬರೀ ನೀರು. ಆ ಹೊತ್ತಿಗೆ ದಂಡೆಯ ಮೇಲಿದ್ದ ಹೆಂಗಸರು ತಮ್ಮತಮ್ಮಲ್ಲೇ ಎಣಿಸಿಕೊಂಡು ಕೂಗಿದರು: “ಮಾದೇವಿ ಇಲ್ಲ! ಮಾದೇವಿ ಎಲ್ಲೋದ್ಲು?”

ಮಾದೇವಿಯ ಮೈದುನ ಗಣಪು ತನ್ನ ಸಣ್ಣ ದೋಣಿಯನ್ನು ನೀರಿಗೆ ನೂಕಿದ. “ಏರ್ತಾ ಇಪ್ಪ ನೀರು, ಮೇಲ್ ಬದಿಗೇ ಒಯ್ದಿದ್ದದೆ” ಎನ್ನುತ್ತ ಪೂರ್ವಕ್ಕೆ ಹುಟ್ಟು ಹಾಕಿದ. ಭರತದಲ್ಲಿ ನೀರು ಕಡಲಿನಿಂದ ಪೂರ್ವಕ್ಕೆ ನುಗ್ಗುತ್ತದೆ, ಅದು ತಪ್ಪು ತರ್ಕವಲ್ಲ. ನಾನಾದರೂ ಹಾಗೇ ಹೋಗುತ್ತಿದ್ದೆ. ಈಜು ಬಲ್ಲ ಹುಡುಗರು ಅಂಗಿ ಬಿಚ್ಚಿ ಅದೇ ದಿಕ್ಕಿಗೆ ದಂಡೆಯ ಮೇಲೆ ಓಡಿದರು.

ಆಗ ನನಗೆ ಬೋಗುಣಿಯ ಗೆರೆ ನೆನಪಾಯಿತು.

ಕ್ಯಾಮೆರಾದ ಪರದೆ ನೋಡಿದೆ. ಚಿತ್ರ ಇರಲಿಲ್ಲ. ದೀರ್ಘ ಹೊತ್ತಿನ ಚಿತ್ರದಲ್ಲಿ ಬೀಳುವ ಚುಕ್ಕೆಗಳನ್ನು ಕ್ಯಾಮೆರಾ ತಾನೇ ತೆಗೆಯುವಂತೆ ಬೆಳಿಗ್ಗೆ ನಾನೇ ಹೊಂದಿಸಿದ್ದೆ. ಹಾಗೆ ಹೊಂದಿಸಿದರೆ ಶಟರ್ ಮುಚ್ಚಿದ ಮೇಲೆ ಅಷ್ಟೇ ಹೊತ್ತು ಅದು ಕತ್ತಲೆಯಲ್ಲಿ ಕೆಲಸ ಮಾಡುತ್ತದೆ. ಆರು ನಿಮಿಷ ತೆರೆದಿದ್ದರೆ ಇನ್ನೂ ಆರು ನಿಮಿಷ. ಬ್ಯಾಟರಿ ತೆಗೆದರೆ ಚಿತ್ರವೇ ಹೋಗುತ್ತದೆ. ಪರದೆಯ ಮೇಲೆ ‘ಬ್ಯುಸಿ’ ಎಂಬ ಒಂದೇ ಪದ ಮಿನುಗುತ್ತಿತ್ತು.

ನಾನು ಸ್ಟ್ಯಾಂಡಿನ ಪಕ್ಕ ನಿಂತೆ.

ಮಿರ್ಜಾನದವನೇ ಆದ ವಿನಾಯಕ ಎಂಬ ವಿದ್ಯಾರ್ಥಿ ತಿರುಗಿ ಓಡಿ ಬಂದ. ಅವನ ಮುಖ ನನಗೆ ಈಗಲೂ ಕಾಣುತ್ತದೆ. “ಎಂತ ಮಾಡ್ತ್ರಿ ಸರ್ ಇಲ್ಲಿ? ಕ್ಯಾಮೆರಾ ಕಾಯ್ತ್ರಿಯಾ? ಜೀವ ಹೋಗ್ತಾ ಉಂಟು ಅಲ್ಲಿ!”

“ಇದರಲ್ಲಿ ಬೋಗುಣಿ ಇರಬಹುದು. ಯಾವ ಕಡೆ ಹೋಯಿತೆಂದು—”

“ಇರಬಹುದು ಅಂತೆ!” ಎಂದು ಅವನು ನೆಲಕ್ಕೆ ಉಗಿದ. ಆದರೆ ಹೋಗಲಿಲ್ಲ.

ಹೆಂಗಸರು ಹೆಸರು ಹಿಡಿದು ಕೂಗುತ್ತಿದ್ದರು. ಉತ್ತರ ಇಲ್ಲ. ಗಣಪುವಿನ ದೋಣಿ ಸಣ್ಣದಾಗುತ್ತ ಹೋಯಿತು. ನನ್ನ ಲೆಕ್ಕದಲ್ಲಿ ಇನ್ನೂ ಐದು ನಿಮಿಷ ಇತ್ತು. ಐದು ನಿಮಿಷವನ್ನು ನಾನು ಜೀವನದಲ್ಲಿ ಎಷ್ಟೋ ಸಲ ಅಳೆದಿದ್ದೇನೆ; ಡಾರ್ಕ್‌ರೂಮಿನಲ್ಲಿ ಗಡಿಯಾರವಿಲ್ಲದೆ ಎಣಿಸಬಲ್ಲವನು ನಾನು. ಅವತ್ತು ಎಣಿಕೆ ನಲವತ್ತಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಮತ್ತೆ ತಪ್ಪಿತು. ಅಶ್ವಿನಿ ಪಕ್ಕದಲ್ಲಿ ನಿಂತಿದ್ದಳು. ಕೇಬಲ್ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಚಿತ್ರ ಬಂತು. ಹಸಿರು ಛಾಯೆಯ ಹೊಳೆ, ಹಾಲಿನಂಥ ನೀರು, ಒಂದು ಸುಕ್ಕಿಲ್ಲ. ಮುಖ್ಯಸ್ಥರು ಕೇಳಿದಂಥದೇ. ದೊಡ್ಡದು ಮಾಡಿ ನೋಡಿದೆ. ಮರಳು ದಿಬ್ಬದ ಬಲಕ್ಕೆ ಒಂದು ದಪ್ಪ ಬಿಳಿ ಚುಕ್ಕಿ. ಅದರಿಂದ ಹೊರಟ ಸಪೂರ ಗೆರೆ ಪೂರ್ವಕ್ಕೆ ಹೋಗಿರಲಿಲ್ಲ. ಅಡ್ಡಕ್ಕೆ, ದಂಡೆಯ ಕಡೆಗೇ ಬಾಗಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದೆ ಮರೆಯಾಗಿತ್ತು.

ವಿನಾಯಕ ನನ್ನ ಭುಜದ ಮೇಲಿಂದ ನೋಡಿದ. “ಅಲ್ಲಿ ಜಂತ್ರಡಿ ಉಂಟು ಸರ್. ಗಜನಿಗೆ ನೀರು ಬಿಡೂ ಬಾಗ್ಲು. ಹಲಗೆ ಎತ್ತಿದ್ರು ಕಾಣ್ತದೆ!” ಎಂದವನೇ ಕಟ್ಟೆಯ ಮೇಲೆ ಓಡಿದ. ನಾನೂ ಓಡಿದೆ.

ಗಜನಿ ಎಂದರೆ ಹೊಳೆಯ ಬದಿಯ ಉಪ್ಪುನೀರಿನ ಗದ್ದೆ. ಸುತ್ತ ಕಟ್ಟೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು. ಹೊಳೆ ಏರುವಾಗ ಹಲಗೆ ಎತ್ತಿದರೆ ನೀರು ಒಳಗೆ ನುಗ್ಗುತ್ತದೆ. ಆ ದಿನ ಹಲಗೆ ಮಾಮೂಲಿಗಿಂತ ಮೊದಲೇ ಎದ್ದಿತ್ತು; ಬಳಚು ಹೆಕ್ಕುವವರಿಗೆ ಗೊತ್ತಿರಲಿಲ್ಲ. ಮಾದೇವಿ ಬಾಗಿಲಿನ ಕಲ್ಲುಕಂಬವನ್ನು ಎರಡೂ ತೋಳಿನಿಂದ ತಬ್ಬಿಕೊಂಡಿದ್ದಳು. ನೀರು ಗಲ್ಲದವರೆಗೆ ಬಂದಿತ್ತು. ಒಂದು ಕಾಲು ಕಂಬದ ಬುಡದ ಕಲ್ಲುಸಂದಿಯಲ್ಲಿ ಸಿಕ್ಕಿತ್ತು. ಅವಳು ಕೂಗುತ್ತಲೇ ಇದ್ದಳು. ನುಗ್ಗುವ ನೀರಿನ ಸದ್ದಿನಲ್ಲಿ ಹತ್ತು ಹೆಜ್ಜೆ ದೂರಕ್ಕೂ ಕೇಳುತ್ತಿರಲಿಲ್ಲ. ವಿನಾಯಕ ಇಳಿದು ಗಲ್ಲ ಎತ್ತಿ ಹಿಡಿದ. ಗಣಪು ತಿರುಗಿ ಬರುವವರೆಗೆ ನಾನೂ, ಹಿಂದೆಯೇ ಓಡಿ ಬಂದ ಇಬ್ಬರು ಹುಡುಗರೂ ಹಲಗೆ ಕೆಳಗಿಳಿಸಲು ಹೆಣಗಿದೆವು. ಇಳಿಯಿತು. ಸೆಳೆತ ನಿಂತ ಮೇಲೆ ಕಾಲು ಬಿಡಿಸಿಕೊಂಡಿತು, ಮೂಳೆ ಮುರಿದಿತ್ತು.

ದಂಡೆಯ ಮೇಲೆ ಮಲಗಿಸಿದಾಗ ಅವಳು ಆಡಿದ ಮೊದಲ ಮಾತು, “ಬೋಗುಣಿ ಸಿಕ್ತಾ?”

“ಬೋಗುಣಿಗೆ ಬೆಂಕಿ ಬಿತ್ತು, ಸುಮ್ನಿರೆ” ಎಂದು ಗಣಪು ಅಳುತ್ತ ಬೈದ.

ಊರಿನಲ್ಲಿ ನಮ್ಮನ್ನು ಹೊಗಳಿದರು. ಕ್ಯಾಮೆರಾ ಜೀವ ಉಳಿಸಿತು ಎಂಬ ಮಾತು ಕಾಲೇಜಿಗೂ ಮುಟ್ಟಿತು. ಮುಖ್ಯಸ್ಥರು ಆ ಚಿತ್ರವನ್ನೇ ಪ್ರದರ್ಶನದ ಬಾಗಿಲಿಗೆ ಎದುರಾಗಿ ಹಾಕಬೇಕೆಂದರು. ಅದರ ಮಾರನೆಯ ದಿನ ಅಶ್ವಿನಿ ಬೆಂಚು ತುಂಬಿದ ಆ ಹಳೆಯ ಡಾರ್ಕ್‌ರೂಮಿಗೆ ಬಂದು ಬಾಗಿಲು ಅರೆ ಮುಚ್ಚಿದಳು.

“ಅದನ್ನ ಹಾಕೂದು ಬ್ಯಾಡ ಸರ್.”

“ಯಾಕೆ?”

“ನಾ ಕಂಡಿದ್ದೆ.”

ನನಗೆ ತಿಳಿಯಲಿಲ್ಲ. ಅವಳು ಗೋಡೆ ನೋಡುತ್ತ ಹೇಳಿದಳು. ಶಟರ್ ತೆರೆದು ನಾಲ್ಕನೆಯ ನಿಮಿಷ ಮುಗಿಯುವ ಮೊದಲು ಮಾದೇವಿ ಕೈ ಎತ್ತಿದ್ದಳು. ಎತ್ತಿದ ಕೈ ಇಳಿಯಲಿಲ್ಲ. “ಯಾರನ್ನೋ ಕರೀತಿದ್ರು ಅಂದ್ಕಂಡೆ, ಮೊದ್ಲು. ಮತ್ತೆ ಕಂಡೆ. ಕರೆಯೂ ಕೈ ಅಲ್ಲ ಅಂತ ಗೊತ್ತಾತು ಸರ್. ಆದ್ರೂ ನಿಂತೆ. ಇನ್ನು ಎರಡೇ ನಿಮಿಷ ಅಂತ. ಕಡೇ ಅರ್ಧ ನಿಮಿಷ ಗಡಿಯಾರದ ಮೇಲಿಂದ ಕಣ್ಣು ತೆಗೂಕಾಗ ಅಂದಿದ್ರಲ್ಲ ನೀವು. ಗಡಿಯಾರ ಕಂಡೆ. ತಲೆ ಎತ್ತುವಾಗ ಅವ್ರು ಇರ್ಲಿಲ್ಲ.”

ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಆ ದಪ್ಪ ಚುಕ್ಕಿ ಏನೆಂದು ಆಗ ನನಗೆ ಹೊಳೆಯಿತು. ಚಿತ್ರದಲ್ಲಿ ಒಂದು ವಸ್ತು ಹೆಚ್ಚು ಹೊತ್ತು ಒಂದೇ ಕಡೆ ನಿಂತರೆ ಅಲ್ಲಿ ಬೆಳಕು ದಪ್ಪವಾಗಿ ಕೂರುತ್ತದೆ. ಮಾದೇವಿ ಸೆಳೆತಕ್ಕೆ ಕಾಲೂರಿ, ಕೈ ಎತ್ತಿ ನಿಂತ ಅಷ್ಟೂ ಹೊತ್ತು ಬೋಗುಣಿ ಅಲ್ಲೇ ನಿಂತಿತ್ತು.

ಅಶ್ವಿನಿ ಕೈ ಕಂಡ ಕೂಡಲೇ ಕೂಗಿದ್ದರೆ ದಂಡೆಯವರಿಗೆ ಮಾದೇವಿ ಇನ್ನೂ ನಿಂತಿದ್ದಾಗಲೇ ಕಾಣುತ್ತಿದ್ದಳು. ಕೂಗಿ ಓಡುವಾಗ ಸ್ಟ್ಯಾಂಡ್ ಉರುಳಿದ್ದರೆ, ಮತ್ತು ಯಾರೂ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ, ಗೆರೆ ಇರುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ಸಲ ಎರಡೂ ಕಡೆಯಿಂದ ನೋಡಿದ್ದೇನೆ. ಯಾವುದು ಹೆಚ್ಚು ಎಂದು ಹೇಳಲಾರೆ. ಒಂದನ್ನು ಮಾತ್ರ ಹೇಳಬಲ್ಲೆ: ಅವಳನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಎರಡು ಪದ.

“ಅವರಿಗೆ ಹೇಳ್ಬೇಕು ಸರ್” ಎಂದಳು. ಬೇಡ ಎನ್ನುವ ಆಸೆ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಕಾಲಿನ ಪ್ಲಾಸ್ಟರ್ ತೆಗೆದ ಮೇಲೆ ಮಾದೇವಿಯ ಮನೆಗೆ ಹೋದೆವು. ಜಗಲಿಯಲ್ಲಿ ಕಾಲು ಚಾಚಿ ಕೂತು ಬಲೆಯ ಹರಕು ಹೊಲಿಯುತ್ತಿದ್ದಳು. ಅಶ್ವಿನಿ ಚಿತ್ರದ ಪ್ರಿಂಟ್ ತೆಗೆದು ಕೊಟ್ಟಳು. ಮಾದೇವಿ ಅದನ್ನು ಬೆಳಕಿಗೆ ಹಿಡಿದಳು.

“ಇದ್ರಾಗೆ ನಾ ಎಲ್ಲಿದ್ದೆ?”

“ನೀವು ಕಾಣೂದಿಲ್ಲ ಅಕ್ಕ. ಅಲ್ಲಾಡ್ತಾ ಇದ್ದವ್ರು ಬರೂದಿಲ್ಲ.”

“ಹೌದನೆ? ಮತ್ತೆ ಈ ಬೆಳ್ಳಗಿದ್ದ ಚುಕ್ಕಿ ಎಂತ?”

“ನಿಮ್ಮ ಬೋಗುಣಿ. ನೀವು ಕೈ ಎತ್ಕಂಡು ನಿಂತಿದ್ರಲ್ಲ, ಅಷ್ಟೂ ಹೊತ್ತಿಂದು.”

ಮಾದೇವಿಯ ಸೂಜಿ ನಿಂತಿತು. “ಕೈ ಎತ್ತಿದ್ದು ನೀ ಕಂಡ್ಯಾ?”

“ಕಂಡೆ.”

“ಮತ್ತೆ?”

“ಫೋಟೋ ಮುಗೀಲಿ ಅಂತ ನಿಂತೆ. ಎರಡು ನಿಮಿಷ.”

ನಾನು ಬಾಯಿ ಹಾಕಿದೆ. “ತಪ್ಪು ಅವಳದ್ದಲ್ಲ ತಾಯೀ, ಆ ನಿಯಮ ಮಾಡಿದ್ದು ನಾನು—”

“ನೀವು ಸುಮ್ನಿರಿ ಮಾಸ್ತರೆ. ಕೇಳಿದ್ದು ಅದರ ಹತ್ರ.” ಅವಳು ಅಶ್ವಿನಿಯನ್ನೇ ನೋಡುತ್ತಿದ್ದಳು. ಅಶ್ವಿನಿ ತಲೆ ತಗ್ಗಿಸಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಾಣುತ್ತಿತ್ತು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದೂ ನಿಂತಿತ್ತು.

“ಎರಡೇ ನಿಮಿಷನ?” ಎಂದಳು ಕಡೆಗೆ. “ನಂಗೆ ಒಂದ್ ಹಗಲು ಅನ್ಸಿತ್ತು.” ಹೆಬ್ಬೆರಳನ್ನು ಆ ಚುಕ್ಕಿಯ ಮೇಲೆ ಇಟ್ಟಳು. ಚುಕ್ಕಿ ಪೂರ್ತಿ ಮುಚ್ಚಿ ಹೋಯಿತು. ಬೆರಳು ತೆಗೆದು ಪ್ರಿಂಟನ್ನು ತಿರುಗಿ ಕೊಟ್ಟಳು.

“ಇದು ನಂಗೆ ಬ್ಯಾಡ ತಂಗಿ. ನೀನೇ ಇಟ್ಕ. ಪೆಟ್ಟಿಗೇಲಿ ಹಾಕೂದಲ್ಲ, ದಿನಾ ಕಾಣೂ ಕಡೆ ಇಡು.” ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. “ಮಾಸ್ತರಿಗೂ ಒಂದು ಕೊಡು. ಆತಾ? ಈಗ ಚಾ ಕುಡ್ಕಂಡು ಹೋಗಿ.”

ಚಹಾ ಕುಡಿದೆವು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೇಳಿದ್ದನ್ನಷ್ಟೇ ಬರೆದಿದ್ದೇನೆ.

ಚಿತ್ರ ಪ್ರದರ್ಶನಕ್ಕೆ ಹೋಗಲಿಲ್ಲ. ಮುಖ್ಯಸ್ಥರಿಗೆ ಕಾರಣ ಹೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ, “ಜನ ಬೇಡ ಅಂದಿದ್ದು ನಾನಲ್ವಾ” ಎಂದರು. ಅಷ್ಟೇ. ನಾನು ಹಾಳೆಯ ಮೇಲಿನ ನಿಯಮಕ್ಕೆ ಗೀಟು ಹಾಕಿ, ಕೆಳಗೆ ಬೇರೆ ಬರೆದೆ: ಒಂದು ಸ್ಟ್ಯಾಂಡಿಗೆ ಇಬ್ಬರು. ಒಬ್ಬರು ಕ್ಯಾಮೆರಾ ನೋಡಬೇಕು. ಇನ್ನೊಬ್ಬರು ಕ್ಯಾಮೆರಾಕ್ಕೆ ಬೆನ್ನು ಹಾಕಿ ಜಾಗವನ್ನು ನೋಡಬೇಕು. ಅವರ ಕೈಯಲ್ಲಿ ಕ್ಯಾಮೆರಾ, ಫೋನು ಏನೂ ಇರಬಾರದು. ಅವರು ಕೂಗಿದರೆ ಚಿತ್ರ ಅಲ್ಲಿಗೆ ಮುಗಿಯಿತು. ಉಳಿದ ಎರಡು ವರ್ಷದಲ್ಲಿ ಹೀಗೆ ಎಷ್ಟೋ ಚಿತ್ರ ಹಾಳಾದವು. ಹೆಚ್ಚಿನವು ಕಾರಣವಿಲ್ಲದ ಕೂಗಿಗೆ. ಒಂದಕ್ಕೂ ನಾನು ಅಂಕ ಕಳೆಯಲಿಲ್ಲ.

ಆ ಪ್ರಿಂಟ್ ನಮ್ಮ ಮನೆಯಲ್ಲಿ ಊಟದ ಮೇಜಿನ ಎದುರಿನ ಗೋಡೆಯಲ್ಲಿದೆ. ಹೊಸಬರಿಬ್ಬರೂ ಹೊರಡುವಾಗ ಅದರ ಮುಂದೆ ನಿಂತರು. “ಯಾರೂ ಇಲ್ಲದ ಹೊಳೆ. ಎಷ್ಟು ಶಾಂತವಾಗಿದೆ ಅಲ್ವಾ ಸರ್” ಎಂದ ಒಬ್ಬ. ನಾನು ಕಾರಣ ಹೇಳದೆ, ಇಬ್ಬರೂ ಒಂದೊಂದು ಕೈ ಎತ್ತಿ ನಿಲ್ಲಿ, ಇಳಿಸಬೇಡಿ ಎಂದೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಗಂಟೆ ಇಟ್ಟು ಮೇಜಿನ ಮೇಲೆ ಬೋರಲು ಹಾಕಿದೆ. ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಒಬ್ಬನ ತೋಳು ನಡುಗತೊಡಗಿತು. ಇನ್ನೊಬ್ಬ ಗಂಟೆ ಯಾವಾಗ ಹೊಡೆಯುತ್ತದೆಂದು ಫೋನಿನ ಕಡೆ ನೋಡಿದ.

ನಾನು ನೋಡಲಿಲ್ಲ. ಗಂಟೆ ಹೊಡೆಯುವವರೆಗೂ ಅವರ ಕೈಗಳನ್ನೇ ನೋಡುತ್ತಿದ್ದೆ.